ಚನಬಸಪ್ಪನವರ ಒಂಬತ್ತು ಪಾಯಿಂಟ್

ಜನವರಿ 6, ಸೋಮವಾರ. ಬೆಳಿಗ್ಗೆ 6.20

ಗಾಳಿ ಇಲ್ಲ. ಕೆರೆಯ ಮೇಲೆ ತೆಳು ಮಂಜು. ಬ್ಯಾಟರಿ ಎರಡು ಫುಲ್. ಮೂರನೆಯದು ಉಬ್ಬಿದೆಯೆಂದು ಅನುಮಾನ — ವರ್ನಿಯರ್ ಹಿಡಿದು ನೋಡಿದೆ, ಅರ್ಧ ಮಿಲಿಮೀಟರ್ ಜಾಸ್ತಿ. ಪಕ್ಕಕ್ಕಿಟ್ಟೆ. ಮೂವತ್ನಾಲ್ಕು ವರ್ಷ ಟೂಲ್‌ರೂಮಿನಲ್ಲಿ ಇದ್ದವನಿಗೆ ಅರ್ಧ ಮಿಲಿಮೀಟರ್ ಸಣ್ಣ ವಿಷಯವಲ್ಲ.

ಹೆಂಡತಿ ಚನ್ನಕ್ಕ ಫ್ಲಾಸ್ಕಿಗೆ ಕಾಫಿ ಹಾಕಿಕೊಡುತ್ತ ಕುಟುಕಿದಳು. "ಎಲೆಕ್ಟ್ರಾನಿಕ್ ಸಿಟಿಗೆ ಡ್ಯೂಟಿಗೆ ಓಗ್ವಾಗ್ಲೂ ಇಷ್ಟ್ ಬೇಗ ಎದ್ದೋರಲ್ಲ ನೀವು." ನಿಜ. ರಿಟೈರ್ ಆಗಿ ಎರಡು ವರ್ಷ. ಅವಳ ಬಾಯಲ್ಲಿ ಈ ಡ್ರೋನ್ 'ಏರೋಪ್ಲೇನ್ ಚಿಟ್ಟೆ'. ಹಾಸಿಗೆ ಬಿಟ್ಟು ಏಳುವುದಕ್ಕೆ ನನಗಿರುವ ಕಾರಣ ಇದೊಂದೇ ಎಂದು ಅವಳಿಗೂ ಗೊತ್ತು, ಹೇಳುವುದಿಲ್ಲ.

ಅದೇ ದಿನ, 9.00

ಈಗಷ್ಟೇ ಮನೆಗೆ ಬಂದೆ. ಬರೆದುಬಿಡುತ್ತೇನೆ.

ಎರಡನೆಯ ಬ್ಯಾಟರಿ, ಇಪ್ಪತ್ತೆರಡು ಪರ್ಸೆಂಟ್. ಡ್ರೋನ್ ಕೆರೆಯ ಆಚೆ ದಡದಲ್ಲಿ. ಹಿಂದೆ ಬೈಕ್ ನಿಂತ ಸದ್ದು. ಪರದೆಯಿಂದ ಕಣ್ಣು ತೆಗೆಯುವಂತಿಲ್ಲ.

"ಏನ್ ನಡಸೀರಿ ಇಲ್ಲಿ?"

"ಒಂದ್ನಿಮಿಷ ಇರಿ, ವಾಪಸ್ ಬರ್ತಾ ಇದೆ" ಎಂದು ತಿರುಗಿದರೆ — ಪೊಲೀಸ್! ಹೆಡ್ ಕಾನ್‌ಸ್ಟೇಬಲ್. ಎದೆಯ ಮೇಲೆ ಚನಬಸಪ್ಪ ಎಂದು ಹೆಸರು. ವಯಸ್ಸು ಹೆಚ್ಚುಕಡಿಮೆ ನನ್ನದೇ. ಗಾಬರಿಯಲ್ಲಿ ರಿಟರ್ನ್ ಬಟನ್ ಒತ್ತಿದೆ. ಹೊರಟ ಜಾಗಕ್ಕೇ ಬಂದು ಇಳಿಯುವ ಬಟನ್ ಅದು. ಹೊರಟ ಜಾಗವೆಂದರೆ ನಾನು ಏರಿಯ ಮೇಲೆ ಹಾಸಿದ್ದ ಕಿತ್ತಳೆ ಬಣ್ಣದ ಶೀಟು. ಆ ಶೀಟಿನ ಮಧ್ಯಕ್ಕೆ ಸರಿಯಾಗಿ ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು ಸರ್ಕಾರಿ ಬೈಕು.

"ಕೆಸರಿತ್ರಿ. ಯಾರೋ ಪ್ಲಾಸ್ಟಿಕ್ ಹಾಸ್ಯಾರ, ಚಲೋ ಆತು ಅಂತ ನಿಲ್ಲಿಸಿದ್ನಿ" ಎಂದರು ಚನಬಸಪ್ಪ.

ಡ್ರೋನ್ ಬಂದು ಬೈಕಿನ ಸೀಟಿನ ಮೇಲೆ ಗುಂಯ್ ಎನ್ನುತ್ತ ನಿಂತಿತು. ಇಳಿಯಲೊಲ್ಲದು. ಹದಿನಾಲ್ಕು ಪರ್ಸೆಂಟ್. ಹದಿಮೂರು. "ಬೈಕ್ ತೆಗೀರಿ ಸಾರ್!" ಎಂದು ಗದರಿಬಿಟ್ಟೆ. ಪೊಲೀಸರನ್ನು! ಆ ಮನುಷ್ಯ ಒಂದು ಕೈಯಲ್ಲಿ ಟೋಪಿ ಅದುಮಿಕೊಂಡು ಇನ್ನೊಂದು ಕೈಯಲ್ಲಿ ಬೈಕ್ ತಳ್ಳಿದರು. ಇಳಿಯಿತು.

ಇಬ್ಬರಿಗೂ ನಗು ಬಂತು. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಕೊಟ್ಟೆ. ಇನ್ನೂರೈವತ್ತು ಗ್ರಾಮಿನ ಒಳಗಿನದು, ರಿಜಿಸ್ಟರ್ ಆಗಿದೆ, ನಂಬರ್ ಇಲ್ಲಿ ಅಂಟಿಸಿದ್ದೇನೆ ಎಂದು ಎಲ್ಲ ತೋರಿಸಿದೆ. ತಲೆದೂಗಿದರು. ಆದರೆ ಹೊರಡುವ ಮುಂಚೆ ಜೇಬಿನಿಂದ ಪುಸ್ತಕ ತೆಗೆದು ಹೆಸರು, ಫೋನ್ ನಂಬರ್, ವಿಳಾಸ ಬರೆದುಕೊಂಡರು. "ನಾಳೆ ಸ್ಟೇಷನ್ ಕಡೆ ಬಂದು ಹೋಗ್ರಿ ಹನುಮಯ್ಯನವರ. ಬರೂವಾಗ ಇದನ್ನೂ ತರ್ರಿ."

ನಗುತ್ತಲೇ ಹೇಳಿದರು. ಪೊಲೀಸರ ನಗುವನ್ನು ಎಷ್ಟರಮಟ್ಟಿಗೆ ನಂಬುವುದು?

ಜನವರಿ 7, ಮಂಗಳವಾರ

ಹೋಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. ಚನ್ನಕ್ಕ ನಂಬಲಿಲ್ಲ.

ಡ್ರೋನನ್ನು ಕವರ್‌ಗೆ ಹಾಕಿ ರಾಗಿ ಹಿಟ್ಟಿನ ಡಬ್ಬದ ತಳಕ್ಕೆ ಸೇರಿಸಿದ್ದೇನೆ. ನಾಚಿಕೆಯಾಗುತ್ತದೆ. ಕಳ್ಳಮಾಲಲ್ಲ, ಬಿಲ್ ಇದೆ. ಆದರೂ ಸ್ಟೇಷನ್ ಟೇಬಲ್ ಮೇಲೆ ಒಮ್ಮೆ ಇಟ್ಟದ್ದು ಮತ್ತೆ ಕೈಗೆ ಬರುತ್ತದೆಯೇ? ಬರದಿದ್ದರೆ ಬೆಳಿಗ್ಗೆ ಎದ್ದು ಏನು ಮಾಡಲಿ?

ಜನವರಿ 10, ಶುಕ್ರವಾರ. ಮಧ್ಯಾಹ್ನ

ಚನಬಸಪ್ಪನವರೇ ಫೋನ್ ಮಾಡಿದರು. "ಯಾಕ್ರಿ, ಹೆದರಿದ್ರೇನು?" ಹೆದರಿದ್ದೆ. ಹೋದೆ. ರಾಗಿ ಹಿಟ್ಟು ಕವರ್ ಒಳಗೂ ನುಗ್ಗಿ ರೆಕ್ಕೆಗೆ ಅಂಟಿತ್ತು, ಗೇಟಿನ ಹೊರಗೆ ನಿಂತು ಕರ್ಚೀಫಿನಿಂದ ಒರೆಸಿದೆ.

ಎಸ್ಸೈ ಸೌಮ್ಯಾ ಮೇಡಂ. ಮಗಳ ವಯಸ್ಸು. ಫೈಲ್ ಪೂರ್ತಿ ತಿರುವಿ ಹಾಕಿದರು. "ಅಂಕಲ್, ನಮ್ ಸ್ಟೇಷನ್ ರೆಕಾರ್ಡೇ ಇಷ್ಟ್ ನೀಟಾಗಿಲ್ಲ. ಹಾರ್ಸೋ ದಿನ ಮುಂಚೆ ಒಂದ್ ಮೆಸೇಜ್ ಹಾಕಿ ಸಾಕು. ಯಾರಾದ್ರೂ ನೂರಾಹನ್ನೆರಡಕ್ಕೆ ಕಾಲ್ ಮಾಡಿದ್ರೆ ನಮಗೂ ಗೊತ್ತಿರುತ್ತೆ. ಅಪಾರ್ಟ್‌ಮೆಂಟ್ ಬಾಲ್ಕನಿ ಕಡೆ ಮಾತ್ರ ತಿರುಗಿಸ್ಬೇಡಿ." ಅಷ್ಟೇ. ಟೀ ಕೊಟ್ಟರು. ನಾಲ್ಕು ದಿನ ಸುಮ್ಮನೆ ಒದ್ದಾಡಿದೆ, ನನ್ನ ಬುದ್ಧಿಗಿಷ್ಟು.

ಚನಬಸಪ್ಪ ಗೇಟಿನವರೆಗೆ ಬಂದರು. ಹೋಗಲು ಬಿಡದೆ ನಿಂತರು. ಹೇಳುವುದೋ ಬೇಡವೋ ಎಂದು ಲಾಠಿ ಬದಲಿಸುತ್ತ ಬದಲಿಸುತ್ತ ಕೊನೆಗೆ ಹೇಳಿದರು.

ಈ ಮೂವತ್ತೊಂದಕ್ಕೆ ಅವರ ರಿಟೈರ್‌ಮೆಂಟ್. ಮೂವತ್ತೆರಡು ವರ್ಷ ಸರ್ವಿಸ್, ಕೊನೆಯ ಆರು ವರ್ಷ ಇದೇ ಬೀಟು, ಅಂದರೆ ಗಸ್ತಿನ ದಾರಿ. ಒಂಬತ್ತು ಪಾಯಿಂಟ್. ದಿನಕ್ಕೆರಡು ಸಲ ಎಲ್ಲವನ್ನೂ ಸುತ್ತಬೇಕು. ಹೆಂಡತಿ ಮಹಾದೇವಿ ರೋಣದ ಹತ್ತಿರ ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಾರೆ, ಅದನ್ನು ಬಿಟ್ಟು ಇಲ್ಲಿಗೆ ಬರಲಾಗಲಿಲ್ಲ. ಬೆಂಗಳೂರು ನೋಡಿದ್ದು ಎರಡು ಸಲ, ಎರಡೂ ಸಲ ಆಸ್ಪತ್ರೆ.

"ದಿನಾ ಅಲ್ಲಿ ಏನ್ ಮಾಡ್ತೀರಿ ಅಂತ ಕೇಳತಾಳ್ರಿ. ಅಡ್ಡಾಡ್ತೀನಿ ಅಂತೀನಿ. ಅಡ್ಡಾಡೂದೂ ಒಂದ್ ಕೆಲಸೇನು ಅಂತ ನಗತಾಳ. ಹೋಗೂಕಿಂತ ಮೊದಲ ನನ್ ಬೀಟ್ ಒಮ್ಮೆ ಮ್ಯಾಲಿಂದ ತಗದ್ ಕೊಟ್ರ... ಆಕಿಗೆ ತೋರಸ್ತಿದ್ದೆ. ಕೇಸ್ ಗೀಸ್ ಏನಿಲ್ರಿ, ಇದು ನನ್ ಸ್ವಂತದ್ದು."

ಆಗಲಿ ಎಂದೆ. ಬಹಳ ದಿನಗಳ ಮೇಲೆ ಒಬ್ಬರಿಗೆ ನನ್ನಿಂದ ಕೆಲಸ ಬಿದ್ದಿದೆ. ಖುಷಿಯಾಗಿದೆ, ಯಾಕೆ ಮುಚ್ಚಿಡಲಿ.

ಜನವರಿ 12, ಭಾನುವಾರ

ಸರ್ಕಾರದ ಡ್ರೋನ್ ಮ್ಯಾಪ್ ತೆಗೆದು ಒಂಬತ್ತು ಪಾಯಿಂಟನ್ನೂ ಗುರುತು ಮಾಡಿದೆ. ಕೆರೆ ಏರಿ, ಅರಳಿಕಟ್ಟೆ, ಶಾಲೆ, ಹಳೇ ಚಪ್ಪಡಿ ಸೇತುವೆ — ಈ ನಾಲ್ಕು ಹಸಿರು. ಉಳಿದ ಐದು ಕೆಂಪು. ಆ ಕಡೆ ಯಾವುದೋ ಸರ್ಕಾರಿ ಸಂಸ್ಥೆ, ಅದರ ಸುತ್ತ ದೊಡ್ಡ ವೃತ್ತ. ಅಲ್ಲಿ ಒಂದು ಅಡಿಯೂ ಮೇಲೇಳುವಂತಿಲ್ಲ.

ಹಸಿರಿನ ನಾಲ್ಕನ್ನು ಬೆಳಿಗ್ಗೆಯೇ ತೆಗೆದೆವು. ಚೆನ್ನಾಗಿ ಬಂದಿದೆ. ಚನಬಸಪ್ಪ ಪರದೆಯ ಮೇಲೆ ಬಗ್ಗಿ, "ಅಯ್ಯ, ಇಷ್ಟ ಇಷ್ಟೇನ್ರಿ ಇದು? ಕಾಲಾಗ ಬಾಳ ದೊಡ್ಡದೈತಿ" ಎಂದರು.

ಆಮೇಲೆ ಕೆಂಪು ವೃತ್ತ ತೋರಿಸಿದೆ. ಜೊತೆಗೆ ಬಂದಿದ್ದ ಇನ್ನೊಬ್ಬ ಕಾನ್‌ಸ್ಟೇಬಲ್ ನಕ್ಕ. "ಅದೆಲ್ಲ ಬಿಡಿ ಗುರುಗಳೇ, ಹಿಡಿಯೋರು ನಾವೇ ಅಲ್ವಾ? ಹಾರ್ಸಿ."

ಆಗಲ್ಲ ಎಂದೆ. ಅಳತೆಯ ಗೇಜಿಗೆ ಕೂರದ ಪೀಸನ್ನು ಮ್ಯಾನೇಜರ್ ಬಂದು ನಿಂತರೂ ಪಾಸ್ ಮಾಡಿದವನಲ್ಲ ನಾನು. ಚನಬಸಪ್ಪ ಅವನನ್ನು ಸುಮ್ಮನಿರಿಸಿದರು. "ಬ್ಯಾಡ ಬಿಡ್ರಿ. ನಾಲ್ಕಾತಲ್ಲ, ಸಾಕು." ಸಾಕು ಎಂದ ಮುಖ ಹಾಗಿರಲಿಲ್ಲ. ಬಸ್ ಸ್ಟಾಪ್, ಕೂಲಿಯವರ ಶೆಡ್‌ಗಳು, ಹೆಚ್ಚು ಹೊತ್ತು ನಿಲ್ಲುವ ಜಾಗಗಳೆಲ್ಲ ಆ ಐದರಲ್ಲೇ ಇವೆ.

ಮನೆಗೆ ಬಂದು ಊಟ ಸೇರಲಿಲ್ಲ. ತಪ್ಪು ಮಾಡಿಲ್ಲ. ಆದರೂ ಬೇಜಾರು.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳು ಬೀರಲು ಚನ್ನಕ್ಕ ಬೀದಿ ಸುತ್ತಿದಳು. ಸ್ಟೇಷನ್‌ಗೂ ಒಂದು ಡಬ್ಬ ಕಳಿಸಿದ್ದಾಳೆ, ನನ್ನನ್ನು ಕೇಳದೆ. ಕೆಂಪು ವೃತ್ತದಲ್ಲಿ ಹಾರಿಸುವ ಪರ್ಮಿಷನ್‌ಗೆ ಆನ್‌ಲೈನ್ ಅರ್ಜಿ ಹಾಕಿದ್ದೇನೆ.

ಜನವರಿ 20, ಸೋಮವಾರ

ಅರ್ಜಿಗೆ ಉತ್ತರವಿಲ್ಲ. ಇಪ್ಪತ್ತಾರು ಮುಗಿಯುವ ತನಕ ಎಲ್ಲೂ ಹಾರಿಸಬೇಡಿ ಎಂದು ಸೌಮ್ಯಾ ಮೇಡಂ ಮೆಸೇಜ್. ಚನಬಸಪ್ಪನವರಿಗೆ ಬಂದೋಬಸ್ತ್ ಡ್ಯೂಟಿ. ಫೋನ್ ಇಲ್ಲ. ನಾನೂ ಮಾಡಲಿಲ್ಲ... ಏನು ಹೇಳಲಿ?

ಜನವರಿ 28, ಮಂಗಳವಾರ. ಬೆಳಿಗ್ಗೆ 11.00

ಇನ್ನು ಮೂರು ದಿನ. ಅರ್ಜಿ ಇನ್ನೂ ಪೆಂಡಿಂಗ್.

ಡೈನಿಂಗ್ ಟೇಬಲ್ ಮೇಲೆ ಲೆನ್ಸ್ ಒರೆಸುತ್ತ ಕುಳಿತಿದ್ದೆ. ಚನ್ನಕ್ಕ ಸೊಪ್ಪು ಬಿಡಿಸುತ್ತಿದ್ದಳು. ಡ್ರೋನ್ ಆನ್ ಆಗಿತ್ತು. ಪರದೆಯಲ್ಲಿ ಅವಳ ಕೈ, ದಂಟಿನ ಸೊಪ್ಪು.

"ಆರ್ದೇ ಇದ್ರೂ ಕಾಣ್ತದಲ್ರೀ ಇದ್ರಾಗೆ?"

"ಕ್ಯಾಮೆರಾ ಅಲ್ವೇನೇ, ಕಾಣದೆ ಏನು?"

"ಮತ್ತೆ ಆರಿಸ್ಬೇಡಿ. ಮಗೀನ್ ಎತ್ಕೊಂಡಂಗೆ ಎತ್ಕೊಂಡು ಆವಯ್ಯನ್ ಇಂದೆ ನಡೀರಿ."

ಎರಡು ವಾರ ತಲೆ ಕೆಡಿಸಿಕೊಂಡದ್ದನ್ನು ಸೊಪ್ಪು ಬಿಡಿಸುತ್ತ ಹೇಳಿಬಿಟ್ಟಳು! ರೆಕ್ಕೆ ಬಿಚ್ಚಿಟ್ಟೆ. ಮೇಡಂಗೆ ಫೋನ್ ಮಾಡಿ ಕೇಳಿದೆ, ಮನಸ್ಸು ತಡೆಯದೆ. ನಕ್ಕರು. "ರೆಕ್ಕೇನೇ ಇಲ್ಲ ಅಂದ್ಮೇಲೆ ಅದು ಬರೀ ಕ್ಯಾಮೆರಾ ಕಣ್ರೀ ಅಂಕಲ್. ಸಂಸ್ಥೆ ಗೇಟ್ ಕಡೆ ತಿರುಗಿಸ್ದೆ ಹೋಗಿ."

ಚನಬಸಪ್ಪನವರಿಗೆ ಹೇಳಿದೆ. "ಐದ್ ಅಲ್ರಿ. ಒಂಬತ್ತೂ ನಡದ್ ಬಿಡೂಣು."

ಜನವರಿ 30, ಗುರುವಾರ. ಮಧ್ಯಾಹ್ನ 2.00

ನಡೆದು ಬಂದೆ. ಪಾದ ಬಿಸಿ ನೀರಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಬೈಕನ್ನು ನಿನ್ನೆಯೇ ಸ್ಟೇಷನ್‌ಗೆ ಒಪ್ಪಿಸಿಯಾಗಿದೆಯಂತೆ. ಬೆಳಿಗ್ಗೆ ಏಳಕ್ಕೆ ಏರಿಯಿಂದ ಹೊರಟೆವು. ಅವರು ಮುಂದೆ, ಇಸ್ತ್ರಿ ಮಾಡಿದ ಯೂನಿಫಾರಂ, ಪಾಲಿಶ್ ಹಾಕಿದ ಶೂ. ಹಿಂದೆ ನಾನು, ರೆಕ್ಕೆಯಿಲ್ಲದ ಡ್ರೋನ್ ಎದೆಯೆತ್ತರಕ್ಕೆ ಹಿಡಿದು. ನೋಡಿದವರಿಗೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನಿಸಿರಬೇಕು.

ಪ್ರತಿ ಪಾಯಿಂಟಿನಲ್ಲಿ ಗೋಡೆಗೆ ಒಂದು ಸ್ಟಿಕ್ಕರ್. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಬಂದು ಹೋದ ಹೊತ್ತು ದಾಖಲಾಗುತ್ತದೆ. ಮುಂಚೆ ಅಲ್ಲೊಂದು ಪುಸ್ತಕ ನೇತುಹಾಕಿ ಸಹಿ ಹಾಕಿಸುತ್ತಿದ್ದರಂತೆ. ಪುಸ್ತಕ ಹೋಗಿ ಎಷ್ಟೋ ಕಾಲವಾಯಿತು. ಆದರೂ ಸ್ಕ್ಯಾನ್ ಆದ ಮೇಲೆ ಚನಬಸಪ್ಪ ಪುಸ್ತಕವಿದ್ದ ಜಾಗವನ್ನು ಒಮ್ಮೆ ಅಂಗೈಯಿಂದ ಮುಟ್ಟಿಯೇ ಮುಂದೆ ಹೋಗುವುದು. ಗೋಡೆಯಲ್ಲಿ ಅಲ್ಲಷ್ಟೇ ಸುಣ್ಣ ಮಾಸಿದೆ.

ನನ್ನ ತಪ್ಪೊಂದು. ರೆಕ್ಕೆ ತಿರುಗಿದರೆ ಅದರ ಗಾಳಿಗೇ ಡ್ರೋನ್ ತಣ್ಣಗಿರುತ್ತದೆ. ಇವತ್ತು ರೆಕ್ಕೆ ಇಲ್ಲ. ಅದು ನನಗೆ ಹೊಳೆಯಲೇ ಇಲ್ಲ. ಐದನೆಯ ಪಾಯಿಂಟಿಗೆ ಬರುವಷ್ಟರಲ್ಲಿ ಮುಟ್ಟಲಾಗದಷ್ಟು ಬಿಸಿ, ತಾನಾಗಿ ಆಫ್ ಆಯಿತು. ಬಿಲ್ಡಿಂಗ್ ಕೆಲಸದವರ ಶೆಡ್ ಎದುರು. ರೊಟ್ಟಿ ಬಡಿಯುತ್ತಿದ್ದ ಹೊಳೆವ್ವ ಎಂಬಾಕೆ ಎದ್ದು ಬಂದರು. ಗಜೇಂದ್ರಗಡದ ಕಡೆಯವರು.

"ಏನಾಗೈತ್ರಿ ಅದಕ, ಜ್ವರಾ?"

"ಹಂಗ ಅನ್ಕೋ ತಂಗಿ" ಎಂದರು ಚನಬಸಪ್ಪ.

ಹೊಳೆವ್ವ ಮೊರ ತಂದು ಗಾಳಿ ಬೀಸಿದರು. ಹತ್ತು ನಿಮಿಷ. ನಾವಿಬ್ಬರೂ ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನಾಳೆಯಿಂದ ಬರುವುದಿಲ್ಲ ಎಂದು ಚನಬಸಪ್ಪ ಹೇಳಿದಾಗ ಬೀಸುವುದು ನಿಂತಿತು. "ನೀವ್ ದಿನಾ ಬಂದ್ ನಿಂತ್ ಹೋಗ್ತಿದ್ರಿ ಅಂತ ನಾವು ಬಾಗಲಾ ತಗದ ಮಲಗ್ತಿದ್ವಿ" ಎಂದರು. ಚನಬಸಪ್ಪ ಟೋಪಿ ಸರಿಮಾಡಿಕೊಂಡರು. ಅದರ ಚಿತ್ರವೂ ಇಲ್ಲ, ಡ್ರೋನ್ ಆಫ್ ಇತ್ತು. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಒಂಬತ್ತೂ ಆಯಿತು. ಹನ್ನೆರಡೂಕಾಲು.

ಜನವರಿ 31, ಶುಕ್ರವಾರ

ಸ್ಟೇಷನ್‌ನಲ್ಲಿ ಬೀಳ್ಕೊಡುಗೆ. ಮೈಸೂರು ಪೇಟ, ಶಾಲು, ಹಾರ. ಪೆನ್‌ಡ್ರೈವ್ ಕೊಟ್ಟೆ. ಎರಡು ಫೈಲ್, ಮೇಲಿನದು ಒಂದು, ನಡೆದದ್ದು ಒಂದು. ಯೂನಿಫಾರಂ ಜೇಬಿಗೆ ಹಾಕಿ ಬಟನ್ ಹಾಕಿಕೊಂಡರು. ಅಪ್ಪಿಕೊಂಡರು. ಪೊಲೀಸರು ಅಪ್ಪಿಕೊಂಡದ್ದು ಜೀವಮಾನದಲ್ಲಿ ಮೊದಲು.

ಫೆಬ್ರವರಿ 6, ಗುರುವಾರ. ಸಂಜೆ 5.30

ಎರಡು ದಿನದಿಂದ ಹಾರಿಸಿಲ್ಲ, ಗಾಳಿ ಜೋರು.

ಚನಬಸಪ್ಪನವರ ನಂಬರಿನಿಂದ ಫೋನ್. ಎತ್ತಿದರೆ ಹೆಣ್ಣು ದನಿ. ಮಹಾದೇವಿಯಮ್ಮ.

"ಅಣ್ಣಾರ, ಮ್ಯಾಲಿಂದ ತಗದಿದ್ದು ಚಂದ ಐತ್ರಿ, ಅಂಗನವಾಡಿ ಹುಡುಗೂರಿಗೂ ತೋರಿಸಿದೆ. ಆದ್ರ ಅದರಾಗ ಇವ್ರು ಕಾಣಂಗಿಲ್ಲ. ನಡದಿದ್ದನ್ನ ನಾಕ್ ಸಲ ನೋಡೇನಿ. ಇನ್ನ ಅಡ್ಡಾಡೂದಂದ್ರ ನಗಂಗಿಲ್ರಿ ನಾನು."

ಸಂತೋಷ ತಾಯಿ ಎಂದೆ. ಹೆಮ್ಮೆಯೂ ಆಯಿತು, ಸುಳ್ಳೇಕೆ. ಆಗ ಕೇಳಿದರು.

"ಬಲಗಾಲು ಕುಂಟತಾರಲ್ರಿ. ಯಾವಾಗಿಂದ?"

ನನಗೆ ಗೊತ್ತಿಲ್ಲ ಎಂದೆ.

"ನನಗೂ ಹೇಳಿಲ್ರಿ. ಬೈಕ್ ಮ್ಯಾಲ ಕುಂತ ತಿರಗೂದು, ಆರಾಮ ಐತಿ ಅಂತಿದ್ರು. ನಾಳೆ ಹುಬ್ಬಳ್ಳಿಗೆ ಡಾಕ್ಟ್ರ ಕಡೆ ಕರ್ಕೊಂಡ ಹೊಂಟೀನಿ. ನೀವ್ ತಗೀಲಿಲ್ಲಂದ್ರ ಗೊತ್ತ ಆಗ್ತಿರಲಿಲ್ಲ" ಎಂದು ನನಗೇ ಉಪಕಾರ ಹೇಳಿದರು.

ಫೋನ್ ಇಟ್ಟು ಲ್ಯಾಪ್‌ಟಾಪ್ ತೆರೆದೆ. ಏರಿಯ ಮೇಲೆ ಸರಿಯಾಗಿಯೇ ನಡೆಯುತ್ತಾರೆ. ಸೇತುವೆ ದಾಟುವಾಗ ಬಲಗಾಲು ಒಂದಿಷ್ಟು ತಡ. ಶೆಡ್ ಆದ ಮೇಲೆ ಸ್ಪಷ್ಟ, ಕುರುಡನಿಗೂ ಕಾಣುವಷ್ಟು. ಏಳನೆಯ ಪಾಯಿಂಟಿನಲ್ಲಿ ಗೋಡೆ ಮುಟ್ಟಿದ ಕೈ ಅಲ್ಲೇ ಇದೆ. ಆಸರೆಗೆ ಹಿಡಿದುಕೊಂಡಿದ್ದಾರೆ. ಐದು ಗಂಟೆ ಹೊತ್ತು ಅವರ ಹಿಂದೆಯೇ ಇದ್ದೆ. ನೋಡುತ್ತಿದ್ದದ್ದು ಫ್ರೇಮು, ಬೆಳಕು, ಬ್ಯಾಟರಿ.

ಡ್ರೋನಿಗೆ ಮೈಕ್ ಇಲ್ಲ. ಮಹಾದೇವಿಯಮ್ಮನಿಗೆ ಕೇಳಿಸಿಲ್ಲ. ಏಳನೆಯ ಪಾಯಿಂಟ್ ದಾಟಿದ ಮೇಲೆ ಒಮ್ಮೆ, ಎಂಟನೆಯದರ ಹತ್ತಿರ ಇನ್ನೊಮ್ಮೆ, ಹಿಂದಿನಿಂದ ಕೂಗಿದ್ದೆ: "ಸ್ವಲ್ಪ ಜೋರಾಗ್ ನಡೀರಿ ಸಾರ್, ಬ್ಯಾಟರಿ ಇಲ್ಲ." ಎರಡು ಸಲವೂ ಅವರು ಹಿಂದೆ ತಿರುಗದೆ ಕೈಯೆತ್ತಿ ಆಯಿತು ಎಂದದ್ದು ಫೈಲಿನಲ್ಲಿದೆ. ಹೆಜ್ಜೆ ಜೋರಾದದ್ದೂ ಇದೆ.

ಚನ್ನಕ್ಕ ಹಿಂದೆ ನಿಂತು ನೋಡಿದಳು.

ಫೋನ್ ಮಾಡಬೇಕು. ಈಗಲೇ. ಮೊದಲು ಕಾಲು ಹೇಗಿದೆ ಎಂದು ಕೇಳಬೇಕು. ಆಮೇಲೆ ಆ ಎರಡು ಕೂಗಿನ ಮಾತು ನಾನೇ ಎತ್ತಬೇಕು.