ಮೂರು ಗುಂಡು ಹೆಚ್ಚು

ಮಾರ್ಚ್ 3, ಮಧ್ಯಾಹ್ನ

ಎರಡು ಕ್ಲಾಸ್ ಮುಗಿಸಿ ವರ್ಕ್‌ಶಾಪಿಗೆ ಹೋದೆ. ಓಪನ್ ಡೇಗೆ ವಜ್ರದ ತುಣುಕಿನ ಮರದ ಮಾಡೆಲ್ ಬೇಕು. ಪರಮಾಣುವಿಗೊಂದು ಗುಂಡು, ಬಂಧಕ್ಕೊಂದು ಕಡ್ಡಿ. ಗಣಿತದಲ್ಲಿ ನಾವು ಬರೆಯುವ ಗ್ರಾಫ್ ಕೂಡ ಅಷ್ಟೇ — ಚುಕ್ಕೆ, ಗೆರೆ. ಸಂಶೋಧನಾ ಪೇಪರಿನಲ್ಲಿ ಅಚ್ಚಾದ ನನ್ನ ಸೂತ್ರದಿಂದಲೇ ಲೆಕ್ಕ ಕೊಟ್ಟಿದ್ದೆ: ಮೂವತ್ತೆಂಟು ಗುಂಡು, ಐವತ್ತೆಂಟು ಕಡ್ಡಿ.

ಬಡಗಿ ತಲೆ ಕೆರೆದುಕೊಂಡರು. "ಮೂರು ಗುಂಡು, ಆರು ಕಡ್ಡಿ ಉಳಿದಿವೆ ಮೇಡಂ. ತುರುಕೋಕೂ ಜಾಗ ಇಲ್ಲ."

"ನೀವೇ ಸರಿಯಾಗಿ ಜೋಡಿಸಿಲ್ಲ. ಬಿಚ್ಚಿ ಮತ್ತೆ ಮಾಡಿ" ಎಂದು ರೇಗಿದೆ.

ಮಾರ್ಚ್ 4

ಮತ್ತೆ ಅಷ್ಟೇ ಉಳಿದವು. ಸೂತ್ರಕ್ಕೆ ಆಧಾರವಾದ ಪೇಪರಿನ ಚಿತ್ರ ತೆಗೆದು ನೋಡಿದೆ. ಚಪ್ಪಟೆ ಹಾಳೆಯಲ್ಲಿ ಮುಂಭಾಗದ ಬಂಧ ಹಿಂಭಾಗದ್ದರ ಮೇಲೆ ಹಾಯ್ದಂತೆ ಕಾಣುವ ಜಾಗ ಮೂರು. ಅಲ್ಲೂ ಚುಕ್ಕೆ ಇಟ್ಟಿದ್ದೇನೆ! ಗೆರೆಗಳು ದಾಟಿದ ಕಡೆ ನಾಲ್ಕು ತುಂಡು. ಇಂಗಾಲಕ್ಕೂ ನಾಲ್ಕೇ ಕೈ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಯಾರಿಗೂ? ಡೈರಿಯಲ್ಲೂ ಸುಳ್ಳು ಬರೆಯುತ್ತಿದ್ದೇನೆ.

ಮಾರ್ಚ್ 5

ಸೋಡಾಬುಡ್ಡಿಗೆ ಅನುಮಾನ ಬಂದಿತ್ತು. ದಪ್ಪ ಕನ್ನಡಕದ ಹುಡುಗಿ, ನನ್ನ ಸಂಶೋಧನಾ ವಿದ್ಯಾರ್ಥಿನಿ. ಆ ಅಡ್ಡಹೆಸರು ಇಟ್ಟವಳೂ ನಾನೇ. ಎರಡು ವರ್ಷದ ಹಿಂದೆ ನನ್ನ ಸೆಮಿನಾರಿನಲ್ಲಿ ಎದ್ದು, ಇದೇ ಚಿತ್ರ ತೋರಿಸಿ, "ಮೇಡಂ, ಈ ಮೂರು ಚುಕ್ಕೆ ಪರಮಾಣು ಅಲ್ಲ ಅನ್ಸುತ್ತೆ" ಎಂದಳು.

"ಎಣಿಸೋಕೆ ಬರದವರಿಗೆ ರಿಸರ್ಚ್ ಯಾಕಮ್ಮ? ಮೊದಲು ಕನ್ನಡಕದ ನಂಬರ್ ಚೆಕ್ ಮಾಡಿಸ್ಕೊ" ಎಂದೆ. ರೂಮು ತುಂಬ ನಗು. ನಾನೂ ನಕ್ಕೆ. ತಿಂಗಳೊಳಗೆ ರಿಸರ್ಚ್ ಬಿಟ್ಟು ಹೋದಳು. ತಡೆಯಲಿಲ್ಲ. ಛೀ, ನನ್ನ ಜನ್ಮಕ್ಕಿಷ್ಟು.

ಮಾರ್ಚ್ 9

ಜರ್ನಲ್‌ಗೆ ತಿದ್ದುಪಡಿ ಪತ್ರ. 'ಚಿತ್ರದಲ್ಲಿ ಒಂದು ಸಣ್ಣ ತಪ್ಪು ನುಸುಳಿದೆ' ಎಂದು ಬರೆದು, ತರಕಾರಿ ಹೆಚ್ಚುತ್ತಿದ್ದ ಅಕ್ಕನಿಗೆ ಓದಿದೆ.

"ನುಸುಳೋಕೆ ಅದೇನು ಬೆಕ್ಕೇನೇ? ತಪ್ಪು ಮಾಡಿದ್ಯಾರು?"

"ನಾನು."

"ಕಂಡುಹಿಡಿದಿದ್ದು?"

ಬಡಗಿ ಎಂದುಬಿಟ್ಟೆ. ಒಡಹುಟ್ಟಿದವಳ ಎದುರೂ ನಿಜ ಹೇಳಲು ಬಾಯಿ ಬರಲಿಲ್ಲ.

ಮಾರ್ಚ್ 17, ಬೆಳಿಗ್ಗೆ

ಎಂಟು ದಿನ ಪತ್ರ ಮುಟ್ಟಲಿಲ್ಲ. ಇವತ್ತು ರಿಸರ್ಚ್ ಬಿಟ್ಟುಹೋದ ಆ ಹುಡುಗಿಗೆ ಫೋನ್ ಮಾಡಿಯೇಬಿಟ್ಟೆ.

"ಅಯ್ಯೋ ಮೇಡಂ, ನೀವಾ! ಹುಷಾರಾಗಿದ್ದೀರಾ?" ಈಗ ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಅಂತೆ.

"ಆ ಮೂರು ಚುಕ್ಕೆ... ನೀನು ಹೇಳಿದ್ದೇ ಸರಿ ಕಣಮ್ಮ."

ನಾನೇ ಮುಂದುವರಿಸಿ ಕೇಳಿದೆ:

"ಪೇಪರ್ ಬಂದ್ಮೇಲೆ ನೋಡ್ಲಿಲ್ವಾ?"

"ನೋಡ್ದೆ ಮೇಡಂ. ಎಷ್ಟು ಸಲ ಎಣಿಸಿದ್ರೂ ಮೂವತ್ತೈದೇ ಬರ್ತಿತ್ತು. ನನಗೇ ಎಣಿಸೋಕೆ ಬರಲ್ಲ ಅಂದ್ಕೊಂಡೆ. ಈಗ್ಲೂ ಮಕ್ಕಳ ಮಾರ್ಕ್ಸ್ ಕೂಡಿದ್ಮೇಲೆ ಪಕ್ಕದ ಟೀಚರಿಗೆ ತೋರಿಸ್ತೀನಿ."

ಕ್ಷಮಿಸು ಎನ್ನಲು ಮಾಡಿದ ಫೋನು. ಅದೊಂದು ಮಾತೇ ಬರಲಿಲ್ಲ.

"ಬಿಡಿ ಮೇಡಂ, ಹಳೇದು" ಎಂದು ಅವಳೇ ಸಮಾಧಾನ ಮಾಡಿದಳು.

ಅದೇ ದಿನ, ಸಂಜೆ

ಬಿಡಬಾರದು. ಪತ್ರ ಹೊಸದಾಗಿ ಶುರು: 'ತಪ್ಪು ನನ್ನದು. ಎರಡು ವರ್ಷದ ಹಿಂದೆಯೇ ಇದನ್ನು ತೋರಿಸಿಕೊಟ್ಟವರನ್ನು ನಾನು ಎಲ್ಲರ ಮುಂದೆ ಗೇಲಿ ಮಾಡಿ ಕೂರಿಸಿದ್ದೆ.'