ಕೂಡುರಸ್ತೆಯಲ್ಲಿ ಮುಳುಗಿದ ದೋಣಿ

ಮಾನ್ಯ ಸ್ಮಾರಕಾಧಿಕಾರಿಗಳೇ,

ನನ್ನ ಅಣ್ಣ ಹೊಳೆಯಲ್ಲಿ ಮುಳುಗಿ ಸತ್ತ. ನಿಮ್ಮ ಕಚೇರಿ ಅವನನ್ನು ಕೂಡುರಸ್ತೆಯಲ್ಲಿ ಮುಳುಗಿಸಿದೆ. ಇಟ್ಟಿಗೆ ಕಾರ್ಖಾನೆಯ ಕೆಲಸಗಾರರನ್ನು ಆಚೆ ದಡಕ್ಕೆ ಒಯ್ಯುತ್ತಿದ್ದ ದೋಣಿ ಮಗುಚಿದ್ದು ಹೊಳೆಯ ತಿರುವಿನಲ್ಲಿ. ಅದರ ನೆನಪಿಗೆ ನೀವು ನಿಲ್ಲಿಸಿದ ಕಲ್ಲು ಇರುವುದು ಅಲ್ಲಿಂದ ಎರಡು ಮೈಲಿ ಈಚೆ, ಬಸ್ಸುಗಳು ನಿಲ್ಲುವ ಜಾಗದಲ್ಲಿ, ನನ್ನ ಹೊಲಿಗೆ ಅಂಗಡಿಯ ಎದುರಿಗೆ. "ಇದೇ ಸ್ಥಳದಲ್ಲಿ ದೋಣಿ ಮುಳುಗಿ ಅಸುನೀಗಿದವರ ಸ್ಮರಣಾರ್ಥ" ಎಂದು ಚಂದದ ಅಕ್ಷರದಲ್ಲಿ ಕೆತ್ತಿಸಿದ್ದೀರಿ. ಇದೇ ಸ್ಥಳದಲ್ಲಿ ಜಡಿಮಳೆ ಹೊಯ್ದರೂ ಪಾದ ಮುಳುಗುವಷ್ಟು ನೀರು ನಿಲ್ಲುವುದಿಲ್ಲ.

ವಿಚಾರಿಸಲು ಬಂದಾಗ ನಿಮ್ಮ ಕಚೇರಿಯ ಮಹನೀಯರೊಬ್ಬರು ಬಹಳ ತಾಳ್ಮೆಯಿಂದ ವಿವರಿಸಿದರು. "ಕಲ್ಲು ಹೇಗಿದೆ ಅಂತ ನೋಡೋಕೆ ನಮ್ಮ ಜೀಪು ಬರಬೇಕಲ್ಲಮ್ಮ. ಬಂದ ಮೇಲೆ ತಿರುಗ್ಬೇಕಲ್ಲ? ಹೊಳೆದಂಡೇಲಿ ಎಲ್ಲಿ ತಿರುಗತ್ತೆ ಹೇಳಿ." ಆಮೇಲೆ ನನಗೂ ಕಣ್ಣು ತೆರೆಯಿತು. ಬೆಟ್ಟದ ನೆತ್ತಿಯ ಮೇಲೆ ನಡೆದ ಕಾಳಗದ ಕಲ್ಲು ಪೆಟ್ರೋಲ್ ಬಂಕಿನಲ್ಲಿದೆ, ಚಕ್ರಕ್ಕೆ ಗಾಳಿ ತುಂಬುವ ಯಂತ್ರದ ಪಕ್ಕ. ಸುರಂಗ ಕುಸಿದು ಸತ್ತವರ ಕಲ್ಲು ಸಂತೆ ಮೈದಾನದಲ್ಲಿದೆ. ಈ ಜಿಲ್ಲೆಯ ಇತಿಹಾಸವೆಲ್ಲ ಜೀಪು ತಿರುಗಲು ಜಾಗವಿರುವಲ್ಲೇ ನಡೆದಿದೆ ಎಂದರೆ ನಮ್ಮ ಹಿರಿಯರ ಮುಂದಾಲೋಚನೆ ಎಂಥದ್ದಿರಬೇಕು? ಅಂದಿನಿಂದ ಕಲ್ಲನ್ನು ಹೊಳೆಗೆ ಒಯ್ಯಿರೆಂದು ಕೇಳುತ್ತಲೇ ಬಂದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಈ ನಡುವೆ ಅಮ್ಮನಿಗೆ ಮರೆವು ಶುರುವಾಯಿತು. ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿಲ್ಲವೆಂದು ಅಂಗಡಿಗೆ ಕರೆತಂದು, ಗುಂಡಿ ಹಚ್ಚಲು ಕೊಟ್ಟು ಕೂರಿಸುತ್ತೇನೆ. ಮೊದಮೊದಲು ಕಲ್ಲನ್ನು ನೋಡಿ "ಯಾವ ದಡ್ಡ ಕೆತ್ತಿಸಿದ್ನೋ" ಎಂದು ಬೈಯುತ್ತಿದ್ದಳು. ಒಂದು ದಿನ ರಸ್ತೆ ದಾಟಿ ಹೋದಳು. ಓದಿದಳು. ಸುತ್ತ ನೋಡಿದಳು.

"ನೀರೆಲ್ಲೇ?" ಎಂದಳು.

"ಹೊಳೆ ಇರೋದು ಆ ಕಡೆ, ಅಮ್ಮ. ಈ ಕಲ್ಲು ತಪ್ಪು ಜಾಗದಲ್ಲಿದೆ."

"ಸರ್ಕಾರದವ್ರು ಕಲ್ಲಲ್ಲಿ ಸುಳ್ಳು ಕೆತ್ತಿಸ್ತಾರಾ? ಇಲ್ಲಿ ನೀರೇ ಇಲ್ಲ. ನೀರಿಲ್ದೆ ಯಾರಾದ್ರೂ ಮುಳುಗ್ತಾರೇನೇ? ಇಲ್ಲಿಂದ ಯಾವ್ದೋ ಬಸ್ ಹತ್ತಿ ಹೋಗಿದಾನೆ ಅಷ್ಟೆ. ಮೊದ್ಲಿಂದ್ಲೂ ಅವನಿಗೆ ಕಾಲು ನಿಲ್ತಿರ್ಲಿಲ್ಲ."

ಆ ಮಾತಿನಲ್ಲಿ ನನಗೆ ಒಂದು ತಪ್ಪೂ ಹುಡುಕಲಾಗಲಿಲ್ಲ. ಹೊಳೆದಂಡೆಗೂ ಕರೆದೊಯ್ದು ತೋರಿಸಿದೆ. "ಚೆನ್ನಾಗಿದೆ, ಆದ್ರೆ ಇಲ್ಲಿ ಕಲ್ಲೆಲ್ಲಿದೆ?" ಎಂದಳು. ಈಗ ಬಸ್ಸು ಬಂದಾಗಲೆಲ್ಲ ಸೂಜಿ ಬದಿಗಿಟ್ಟು ಇಳಿಯುವವರ ಮುಖ ನೋಡುತ್ತಾಳೆ. ಬರದಿದ್ದರೆ ಬೇಸರವೂ ಇಲ್ಲ, ಮುಂದಿನ ಬಸ್ಸು ಇದ್ದೇ ಇದೆಯಲ್ಲ. ಅವನಿಗೊಂದು ಅಂಗಿ ಹೊಲಿ ಎಂದಳು. ಅಳತೆ ಕೇಳಿದ್ದಕ್ಕೆ, "ಇಷ್ಟು ವರ್ಷ ಆಯ್ತಲ್ಲ, ಸ್ವಲ್ಪ ಹೊಟ್ಟೆ ಬಂದಿರತ್ತೆ. ನಡು ಸಡ್ಲ ಬಿಡು" ಎಂದಳು. ಸಡಿಲ ಬಿಟ್ಟೇ ಹೊಲಿದೆ. ಹೊಲಿಯುವಾಗ ಅಳು ಬರಬೇಕಿತ್ತು, ಬರಲಿಲ್ಲ. ನನ್ನೊಳಗೆ ಆ ಜಾಗ ಮರಗಟ್ಟಿದೆ. ಆದರೆ ಒಂದು ಮಾತು ಹೇಳಲೇಬೇಕು: ಅಣ್ಣ ಹೋದ ಮೇಲೆ ಅಮ್ಮ ಇಷ್ಟು ನೆಮ್ಮದಿಯಾಗಿ ಊಟ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಹೀಗಿರುವಾಗ ಮೊನ್ನೆ ನಿಮ್ಮ ಸಿಬ್ಬಂದಿ ಬಂದು ಕಲ್ಲಿನ ಬುಡಕ್ಕೆ ಕೆಂಪು ಬಣ್ಣದ ಗುರುತು ಹಾಕಿದರು. ಹೊಳೆಯವರೆಗೆ ಡಾಂಬರು ಬಿದ್ದಿದೆಯಂತೆ, ಜೀಪು ತಿರುಗುತ್ತದಂತೆ, ಮುಂದಿನ ವಾರ ಕಲ್ಲನ್ನು ಅಲ್ಲಿಗೇ ಸಾಗಿಸುತ್ತಾರಂತೆ. ಬೇಡ ಎಂದೆ. "ನೀವೇ ತಾನೇ ಅಷ್ಟು ವರ್ಷ ಕೇಳಿದ್ದು?" ಎಂದು ನಕ್ಕರು. ಹೌದು, ನಾನೇ. ಕೇಳಿದಾಗ ಕಿವಿಯ ಮೇಲೆ ಹಾಕಿಕೊಳ್ಳದವರು, ಬೇಡ ಎಂದಾಗಲೇ ಇಷ್ಟು ಚುರುಕಾಗುವುದು ಯಾವ ನಿಯಮದ ಪ್ರಕಾರ? ಕಲ್ಲು ಹೊಳೆದಂಡೆಗೆ ಹೋದರೆ ಅಮ್ಮನೂ ಅದರ ಹಿಂದೆ ಹೋಗುತ್ತಾಳೆ. ಅಲ್ಲಿ ಓದುತ್ತಾಳೆ. ಅಲ್ಲಿ ನೀರಿದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಮ್ಮ ಇರುವಷ್ಟು ಕಾಲ ನಿಮ್ಮ ತಪ್ಪನ್ನು ತಿದ್ದಬೇಡಿ. ತಿದ್ದಲೇಬೇಕೆಂಬ ಮೇಲಿನ ಆದೇಶವಿದ್ದರೆ ಕಲ್ಲು ಎತ್ತುವವರ ಜೊತೆ ದಯವಿಟ್ಟು ತಾವೂ ಬನ್ನಿ. ಅಂಗಡಿಯಲ್ಲಿ ಕುರ್ಚಿ ಇದೆ, ಅಮ್ಮನ ಪಕ್ಕ ಕುಳಿತುಕೊಳ್ಳಿ. ಮಗ ಸತ್ತ ಸುದ್ದಿಯನ್ನು ಮೊದಲ ಸಲ ಅವಳಿಗೆ ಹೇಳಿದವಳು ನಾನು. ಈ ಸಲ ನೀವು ಹೇಳಿ.

ಇಂತಿ,
ಕೇಳಿದ್ದು ಸಿಕ್ಕಿತಲ್ಲಾ ಎಂದು ದೂರುತ್ತಿರುವ,
ಕೂಡುರಸ್ತೆಯ ಹೊಲಿಗೆಯವಳು