ಖಾಲಿ ಬಿಟ್ಟ ಚೌಕ

ಇಸಳೂರು, ಶಿರಸಿ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ನೂರಿ,

ನೀನು, ಭಾವ, ಶಾಜಿಯಾ ಎಲ್ಲ ಹುಷಾರಾಗಿದ್ದೀರಿ ಅಂದುಕೊಂಡಿದ್ದೇನೆ. ದಸರೆಗೆ ಮುಂಚೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದು ಮುಗಿಸಿ ಆಮೇಲೆ ಓದು. ಫೋನಿದ್ದೂ ಯಾಕೆ ಪತ್ರ ಎಂದು ನಿನ್ನ ತಮ್ಮ ಜಾವೇದ್ ನಗುತ್ತಾನೆ. ಫೋನ್ ಮಾಡಿದರೆ ನಮ್ಮ ಮನೆಯವರು ಪಕ್ಕದಲ್ಲೇ ಕೂತಿರುತ್ತಾರೆ. ಮಾತು ಹೋದವರ ಎದುರಿಗೇ ಅವರ ಸುದ್ದಿ ಆಡಲು ನನಗೆ ಬಾಯಿ ಬರುವುದಿಲ್ಲ. ಜಾವೇದನ ಬಾಡಿಗೆ ಕಾರು ಹೇಗೂ ಯಲ್ಲಾಪುರಕ್ಕೆ ಬರುತ್ತದಲ್ಲ, ಅವನ ಕೈಯಲ್ಲೇ ಕಳಿಸುತ್ತೇನೆ.

ಮೊದಲು ಜಂಬದ ಸುದ್ದಿ. ನಿನ್ನ ಗೆಳತಿ ಬರೆದ ಒಂದು ಪುಟಕ್ಕೆ ಈಗ ಯಾವ್ಯಾವುದೋ ದೇಶಗಳಲ್ಲಿ ಓದುಗರಿದ್ದಾರೆ. ಓದುವವರು ಮನುಷ್ಯರಲ್ಲ ಅನ್ನುವುದೊಂದೇ ಕೊರತೆ.

ನಗಬೇಡ, ಹೇಳುತ್ತೇನೆ. ನಮ್ಮ ಆಫೀಸಿನವರದು ಚೌಕ, ಗೆರೆ, ಬಾಣ ಹಾಕಿ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಅಂತ ನಿನಗೆ ಗೊತ್ತು. ಮೊದಲು ಜನವೇ ಕೂತು ಬಿಡಿಸುತ್ತಿದ್ದರು. ಈಗ ಎಐ ಏಜೆಂಟ್ ಅನ್ನುವ ಪ್ರೋಗ್ರಾಮಿಗೆ ಹೀಗೊಂದು ನಕ್ಷೆ ಬೇಕು ಅಂದರೆ ಮುಗಿಯಿತು, ಅದು ನಮ್ಮ ಸಾಫ್ಟ್‌ವೇರಿನ ಒಂದು ಫಂಕ್ಷನ್, ಅಂದರೆ ಸಿದ್ಧ ಆಜ್ಞೆಯೊಂದನ್ನು, ಕರೆದು ಕೆಲಸ ಮಾಡಿಸಿಕೊಳ್ಳುತ್ತದೆ. ಎಷ್ಟು ಚೌಕ, ಯಾವುದಕ್ಕೆ ಏನು ಹೆಸರು, ಎಲ್ಲಿಂದ ಎಲ್ಲಿಗೆ ಗೆರೆ, ಇದನ್ನೆಲ್ಲ ಆ ಫಂಕ್ಷನ್ನಿಗೆ ಹೇಗೆ ಕೊಡಬೇಕು ಎಂದು ಏಜೆಂಟಿಗೆ ಕಲಿಸುವ ಪುಟ ನನ್ನದು. ಬರೆದದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ಬರೆಯದೆ ಬಿಟ್ಟ ಕಡೆ ತನ್ನ ಬುದ್ಧಿ ಓಡಿಸುತ್ತದೆ.

ಹೆಸರಿಲ್ಲದ ಚೌಕ ಸಿಕ್ಕಿದರೆ ಏನು ಮಾಡಬೇಕು? ಹೊಂದುವ ಹೆಸರನ್ನು ನೀನೇ ಹಾಕು ಎಂದು ನಾನು ಮೊದಲು ಬರೆದಿದ್ದೆ. ನಮ್ಮ ಕಡೆಯವಳು ಇನ್ನೇನು ಬರೆದಾಳು ಹೇಳು. ಚಾ ಬೇಕಾ ಎಂದು ಕೇಳುತ್ತ ಕೇಳುತ್ತಲೇ ಲೋಟ ತಂದಿಟ್ಟಿರುತ್ತೇವೆ. ಸಾಕು ಅಂದವರ ಎಲೆಗೇ ಇನ್ನೊಂದು ಸೌಟು ಬೀಳುತ್ತದೆ. ನೆಂಟರು ಬಾಯಿಬಿಟ್ಟು ಹೇಳುವ ತನಕ ಕಾಯುವುದು ನಮ್ಮಲ್ಲಿ ಮರ್ಯಾದೆಯೇ ಅಲ್ಲ.

ಪರೀಕ್ಷೆ ಮಾಡಲು ಒಂದು ನಕ್ಷೆ ಬೇಕಾಗಿತ್ತು. ಇಲ್ಲಿ ಇಸಳೂರಿನಲ್ಲಿ ಜಾವೇದ್ ಕಟ್ಟಿಸುತ್ತಿರುವ ಮನೆಗೆ ಇವರು ಹುಷಾರಾಗಿದ್ದಾಗ ಬರೆದಿಟ್ಟ ವೈರಿಂಗ್ ನಕ್ಷೆ ಸಿಕ್ಕಿತು. ಅದರಲ್ಲಿ ಹಿಂಬದಿಯ ಒಂದು ಕೋಣೆಗೆ ಹೆಸರಿರಲಿಲ್ಲ. ಏಜೆಂಟು ಅಚ್ಚುಕಟ್ಟಾಗಿ 'ದೇವರ ಕೋಣೆ' ಅಂತ ಬರೆಯಿತು. ಅದೂ ನಿನ್ನ ತಮ್ಮನ ಮನೆಯಲ್ಲಿ. ನಕ್ಕೂ ನಕ್ಕೂ ಸಾಕಾಗಿ ಇವರಿಗೂ ತೋರಿಸಿದೆ. ಇವರು ನಗಲಿಲ್ಲ. ಎಡಗೈ ಬೆರಳಿನಿಂದ ಆ ಹೆಸರಿನ ಮೇಲೆ ಕುಟ್ಟುತ್ತಲೇ ಇದ್ದರು, ನಾನು ಅಳಿಸುವ ತನಕ. ಮನೆಯ ಯಜಮಾನ ಹೇಳದೆ ಇವರು ಯಾವ ಕೋಣೆಗೂ ಹೆಸರು ಬರೆದವರಲ್ಲ, ಎಷ್ಟೋ ನಕ್ಷೆಗಳು ಹಾಗೇ ತಿಂಗಳುಗಟ್ಟಲೆ ಕಾದಿದ್ದವು ಎಂಬುದು ಆಗ ನೆನಪಾಯಿತು.

ನೂರಿ, ಆ ಬೆರಳು ನೋಡಿ ನನಗೆ ಅಳು ಬಂದುಬಿಟ್ಟಿತು. ಲಕ್ವ ಹೊಡೆದ ಮೇಲೆ ಈ ಮನೆಯಲ್ಲಿ ನಡೆಯುತ್ತಿರುವುದೂ ಅದೇ ಅಲ್ಲವಾ. ಇವರು ತುಟಿ ಅಲ್ಲಾಡಿಸುವಷ್ಟರಲ್ಲಿ ಒಬ್ಬರು ನೀರು ತರುತ್ತಾರೆ, ಇನ್ನೊಬ್ಬರು ಫ್ಯಾನ್ ಹಾಕುತ್ತಾರೆ, ನಾನು 'ಮಲಗ್ತಾರಂತೆ' ಎಂದು ಒಳಗೆ ಕರೆದುಕೊಂಡು ಹೋಗುತ್ತೇನೆ. ಹೇಳಲು ಹೊರಟ ಮಾತು ಏನಿತ್ತೋ, ಯಾರಿಗೂ ಗೊತ್ತಿಲ್ಲ. ಈಗ ಟ್ಯಾಬಿನಲ್ಲಿ ನಮ್ಮ ಆಫೀಸಿನ ಸಾಫ್ಟ್‌ವೇರನ್ನೇ ತೆರೆದು ಚೌಕ ಹಾಕಿ, ಒಂದೊಂದೇ ಅಕ್ಷರ ಬರೆದು ಬೇಕಾದ್ದು ತೋರಿಸಲು ಕಲಿಯುತ್ತಿದ್ದಾರೆ. ಅಲ್ಲಿಯೂ ಇವರಿಗಿಂತ ಮೊದಲೇ ಏಜೆಂಟು ಉತ್ತರ ತುಂಬಿಬಿಟ್ಟರೆ ಇವರಿಗೆ ಉಳಿಯುವುದೇನು? ಮನುಷ್ಯರು ಕಾಯದಿದ್ದರೆ ಯಂತ್ರವಾದರೂ ಇವರ ಮಾತಿಗೆ ಕಾಯಲಿ ಎಂದು ಹಟ ಹುಟ್ಟಿತು.

ಮಾರನೆಯ ದಿನ, ಹೆಸರನ್ನು ನೀನೇ ಹಾಕು ಎಂಬ ಆ ಸಾಲು ಹೊಡೆದುಹಾಕಿ ಬೇರೆ ಬರೆದೆ. ನಮ್ಮ ಆಫೀಸಿನ ಮುಖ್ಯಸ್ಥರು ರವೀಂದ್ರ ಸರ್ ಒಪ್ಪಲಿಲ್ಲ. ಖಾಲಿ ಚೌಕ ಇಟ್ಟರೆ ಗಿರಾಕಿಗೆ ಕೆಲಸ ಅರ್ಧಕ್ಕೇ ಬಿಟ್ಟ ಹಾಗೆ ಕಾಣುತ್ತದೆ, ನಿಮ್ಮ ಮೊದಲಿನದೇ ಇರಲಿ ಅಂದರು.

"ಅರ್ಧಕ್ಕೆ ಬಿಟ್ಟದ್ದಲ್ಲ ಸರ್. ಹೇಳೂಕೆ ಬೇಕಾದವರು ಇನ್ನೂ ಹೇಳ್ಲಿಲ್ಲ, ಅಷ್ಟೇಯ" ಅಂದೆ.

ಅಲ್ಲೇ ಆ ವೈರಿಂಗ್ ನಕ್ಷೆ ಸರ್ ಎದುರಿಗಿಟ್ಟು, ಅವರಿಗೂ ಕೇಳುವ ಹಾಗೆ ಜಾವೇದನಿಗೆ ಫೋನ್ ಹಚ್ಚಿ, ಹಿಂದಿನ ಕೋಣೆ ಯಾವುದಕ್ಕೆ ಎಂದು ಕೇಳಿದೆ. ಸ್ಟೋರ್ ರೂಮ್ ಇರಬೇಕು ಎಂದು ಸರ್ ಪಿಸುಗುಟ್ಟುತ್ತಿದ್ದರು. "ಅದು ನಮ್ಮ ಆಪಾಂದು ಅಲ್ವಾ, ಬಂದಾಗ ಇರ್ಲಿಕ್ಕೆ" ಅಂದ ನಿನ್ನ ತಮ್ಮ. ತನ್ನ ಅಕ್ಕ ನಿನಗೇ ಆ ಕೋಣೆ ಎಂದು ಅವನು ನಿನಗೆ ಹೇಳಿರಲಿಕ್ಕಿಲ್ಲ, ನಾನು ಹೇಳಿದೆ ಅನ್ನಬೇಡ. ಸರ್ ನನ್ನ ಹೊಸ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ, ಅದನ್ನು ಪುಟದ ಮೇಲ್ಗಡೆಯೇ ಹಾಕಿಬಿಡಿ ಅಂದರು. ಪುಟ ಇರುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೀಗಾಗುತ್ತದೆ: ಹೆಸರು ಕೊಡದ ಚೌಕವನ್ನು ಖಾಲಿಯೇ ಇಡು. ಊಹಿಸಬೇಡ. ಬಿಡಿಸಿದವರನ್ನು ಕೇಳು. ಉತ್ತರ ಬರುವ ತನಕ ಕಾಯಿ.

ಈಗ ಏಜೆಂಟು ಕೇಳುತ್ತದೆ ನೂರಿ, ಕೇಳಿ ಸುಮ್ಮನಿರುತ್ತದೆ. ಇವರು ಅಕ್ಷರ ಹುಡುಕಿಕೊಂಡು ಎಷ್ಟು ಹೊತ್ತು ಮಾಡಿದರೂ ಅವಸರ ಮಾಡುವುದಿಲ್ಲ. ಮೊದಲ ದಿನ ಇವರು 'ಮಜ್ಜಿಗೆ' ಎಂದು ಬರೆದು ಮುಗಿಸಿ ನನ್ನ ಕಡೆ ತಿರುಗಿ ನೋಡಿದ ನೋಟ ನೀನು ನೋಡಬೇಕಿತ್ತು. ವರ್ಷದಿಂದ ಚಾ ಕುಡಿಸುತ್ತಿದ್ದೆವಲ್ಲ, ಅವರಿಗೆ ಬೇಕಾಗಿದ್ದದ್ದು ಮಜ್ಜಿಗೆ. ನನ್ನ ಕೆಲಸದ ಬಗ್ಗೆ ನನಗೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಶಾಜಿಯಾಳಿಗೆ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ಹರಸಿದ್ದೇನೆ ಅನ್ನು. ಭಾವನಿಗೆ ನಮಸ್ಕಾರ. ನಿನ್ನ ಮೊಣಕಾಲು ಬೇಗ ಗುಣವಾಗಲಿ, ಮೆಟ್ಟಿಲು ಹತ್ತಿ ಇಳಿದು ಮಾಡಬೇಡ.

ಯಾವಾಗಲೂ ನಿನ್ನವಳೇ,
ಚೇತನಾ

ತಾ.ಕ.: ಮುಖ್ಯ ಸುದ್ದಿ ಬರೆಯದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ. ಮೊನ್ನೆ ಧೈರ್ಯ ಮಾಡಿ ಟ್ಯಾಬಿನಲ್ಲಿ ಇವರದೊಂದು ಚೌಕ, ನನ್ನದೊಂದು, ಖಾಲಿಯದೊಂದು ಹಾಕಿದೆ. ಎಲ್ಲಿರಬೇಕು ಅನ್ನಿಸ್ತದೆ ನಿಮಗೆ ಎಂದು ಕೇಳಿ ಕಾದೆ. ಖಾಲಿ ಚೌಕದಲ್ಲಿ ಇವರು 'ಅಕ್ಕ' ಎಂದು ಬರೆದರು. ಇವರ ಅಕ್ಕ, ದಾಸನಕೊಪ್ಪದ ಪ್ರತಿಭಕ್ಕ, ನಿನಗೆ ಗೊತ್ತಲ್ಲ, ಮಾತು ಕಡಿಮೆ. ನಾಲ್ಕು ದಿನ ಇದ್ದು ಬರುವುದಾ ಅಂದೆ. ತಲೆ ಅಡ್ಡ ಆಡಿಸಿದರು. ಇಬ್ಬರೂ ಹೋಗುವ ಅಂದೆ. ಅದಕ್ಕೂ ಅಡ್ಡವೇ. ತಮ್ಮ ಚೌಕದಿಂದ ಅಕ್ಕನ ಚೌಕಕ್ಕೆ ಗೆರೆ ಎಳೆದರು, ನನ್ನ ಚೌಕಕ್ಕೆ ಎಳೆಯಲಿಲ್ಲ. ಎಳೆಯಲು ನನ್ನ ಕೈ ಹೋಗಿತ್ತು, ಹಿಂದೆ ತೆಗೆದುಕೊಂಡೆ.

ಇನ್ನು ಇವರು ಅಲ್ಲೇ ಇರುತ್ತಾರೆ ಎಂದು ಪ್ರತಿಭಕ್ಕನಿಗೆ ಹೇಳಿಯಾಗಿದೆ, ಇವರ ಅಂಗಿಗಳನ್ನು ಇಸ್ತ್ರಿ ಮಾಡಿ ಚೀಲಕ್ಕೆ ತುಂಬಿದ್ದೇನೆ. ಬುಧವಾರ ಜಾವೇದನೇ ಬಿಟ್ಟುಬರಲಿ. ಮರ್ಯಾದೆಗೆ ಅಂತ ಅವನು 'ಅಕ್ಕ ನೀವೂ ಬನ್ನಿ' ಅನ್ನುವುದು ಬೇಡ, ನೀನು ಮೊದಲೇ ಹೇಳಿಡು. ಕರೆದರೆ ನಾನು ಹತ್ತಿ ಕೂತುಬಿಡುತ್ತೇನೆ.